ಕೊಲೆಗೆ ಕಾರಣ

“ಕೊಲೆಗಾರ ಬಂದ! ಕತ್ತು ಜೋಪಾನ ಕಣ್ರೋ!”

ಕಸಾಯಿ ಖಮೀಸ್ ಹೀಗೆ ಕೂಗಿದಾಗ ಕಾಫಿ ಅಂಗಡಿಯವರೆಲ್ಲ ನಕ್ಕರು. ಮುದುಕ ಫಹೀಮನಿಗೆ ಇದು ನಲವತ್ತು ವರ್ಷಗಳಿಂದ ಕೇಳಿ ಹಳಸಿದ ಮಾತು. ತನ್ನ ಮಾಮೂಲಿ ಕುರ್ಚಿಯಲ್ಲಿ ಕೂತ.

ನಾಯಕನಟ ಮುನೀರ್ ಶವ್ಕತ್ ಬೆಳಿಗ್ಗೆ ತೀರಿಕೊಂಡಿದ್ದ. ಕೈರೋ ಟೀವಿಯವರು ಅವನ ಹಳೆಯ ಕೊಲೆ ಚಿತ್ರವನ್ನೇ ಹಾಕಿದ್ದರು. ಅದರಲ್ಲಿ ಇಲ್ಲದ ದೊಡ್ಡ ನಟರಿಲ್ಲ. ಕಥೆಗೆ ಮಾತ್ರ ತಲೆಬುಡವಿಲ್ಲ. ಯಜಮಾನಿಯ ಕತ್ತು ಹಿಸುಕಿದವನು ಬಾಗಿಲು ಕಾಯುವ ಆಳು; ಆ ಪಾತ್ರ ಮಾಡಿದ್ದವನು ಇದೇ ಫಹೀಮ್.

“ಮಾಮ, ಅಂಥಾ ಬಂಗಾರದಂಥ ಹೆಂಗಸನ್ನ ಯಾಕೆ ಕೊಂದೆ? ಇವತ್ತಾದ್ರೂ ಬಾಯಿಬಿಡು,” ಎಂದ ಅಂಗಡಿಯ ಮಾಣಿ ದುಸೂಕಿ, ಚಹಾ ಇಡುತ್ತ.

ಮುನೀರನಿಗೆ ಹೆದರಿ ಫಹೀಮ್ ಇಷ್ಟು ವರ್ಷ ನಿಜ ಹೇಳಿರಲಿಲ್ಲ. ಅವನು ಇನ್ನು ಪಾತ್ರ ಕೊಡಿಸುವುದೂ ಇಲ್ಲ, ತಪ್ಪಿಸುವುದೂ ಇಲ್ಲ. ‘ನೀನು ಕೊಂದಿಲ್ಲ’ ಎಂದು ಯಾರಾದರೂ ಒಮ್ಮೆ ಹೇಳಲಿ ಎಂಬ ಆಸೆ ಫಹೀಮನನ್ನು ಸುಡುತ್ತಿತ್ತು.

“ನಾನು ಕೊಂದಿಲ್ಲ ಕಣೋ. ಮೊದಲು ಬರೆದ ಕಥೇಲಿ ಕೊಂದಿದ್ದು ಅವಳ ಗಂಡ, ಮುನೀರ್. ‘ನಾನು ಕೊಲೆಗಾರನಾದ್ರೆ ಟಾಕೀಸಲ್ಲಿ ಮೂರನೇ ಕ್ಲಾಸಿನವರು ಕುರ್ಚಿ ಮುರೀತಾರೆ’ ಅಂತ ಹಠ ಹಿಡಿದ. ಕಡೇ ದಿನ ಕೊಲೆ ತಂದು ನನ್ನ ತಲೆಗೆ ಕಟ್ಟಿದ್ರು. ನಾನು ಮದುವೆ ಆಗ್ಬೇಕಿದ್ದ ಹುಡುಗಿ ನಜಾತ್. ಸಿನಿಮಾ ನೋಡಿ ಬಂದ ಅವಳ ಅಪ್ಪ, ‘ಕತ್ತು ಹಿಸುಕಿದ ಕೈಗೆ ಮಗಳ ಕೈ ಕೊಡ್ಲಾ?’ ಅಂತ ನಿಶ್ಚಿತಾರ್ಥದ ಉಂಗುರ ಎಸೆದು ಹೋದ.”

ಯಾರೂ ನಗಲಿಲ್ಲ. ಖಮೀಸ್ ಹುಕ್ಕಾದ ಕೊಳವೆ ಕೆಳಗಿಟ್ಟ. “ಹೆಣ ಇನ್ನೂ ಮಣ್ಣು ಕಂಡಿಲ್ಲ, ಆಗ್ಲೇ ಅವನ ಮೇಲೆ ಕೊಲೆ ಹೊರಿಸ್ತೀಯಾ? ಥೂ! ದೇವರ ಭಯ ಬೇಡ್ವಾ?”

“ಸಿನಿಮಾದ ಕೊಲೆ ಕಣೋ…”

“ಹೆಂಡತಿ ಹೆಣ ತಬ್ಬಿಕೊಂಡು ಅವನು ಅತ್ತಿದ್ದನ್ನ ನಾವೇ ಕಣ್ಣಾರೆ ನೋಡಿದ್ದೀವಿ!”

ಹೌದು ಹೌದು ಎಂದರು ಎಲ್ಲರೂ. ದುಸೂಕಿ ಟೀವಿಯ ಧ್ವನಿ ಜೋರು ಮಾಡಿದ.

ಪರದೆಯ ಮೇಲೆ ಪೊಲೀಸ್ ಅಧಿಕಾರಿ, ಆಗಿನ್ನೂ ತರುಣನಾಗಿದ್ದ ಫಹೀಮನ ಕೊರಳಪಟ್ಟಿ ಹಿಡಿದು, ಯಾಕೆ ಕೊಂದೆ ಎಂದು ಗದರಿಸುತ್ತಿದ್ದ. ಆ ಪ್ರಶ್ನೆಗೆ ಉತ್ತರವನ್ನು ಯಾರೂ ಬರೆದಿರಲಿಲ್ಲ. ‘ಶೂಟಿಂಗ್ ಹೊತ್ತಲ್ಲೇ ಹೇಳಿಕೊಡ್ತೀನಿ’ ಎಂದಿದ್ದ ನಿರ್ದೇಶಕ. ತರುಣ ಫಹೀಮ್ ಬಾಯಿ ತೆರೆದು, ಕ್ಯಾಮೆರಾದ ಎಡಕ್ಕೆ ನಿರ್ದೇಶಕ ನಿಂತಿದ್ದ ಕಡೆ ನೋಡಿದ. ನಿರ್ದೇಶಕ ಆಗ ಸಿಗರೇಟು ಹಚ್ಚಿಕೊಳ್ಳುತ್ತಿದ್ದ.

“ನೋಡ್ರಪ್ಪ, ಮಾಡಿದ ಪಾಪ ಕಣ್ಣಲ್ಲೇ ಕಾಣ್ತಿದೆ!” ಎಂದ ಖಮೀಸ್.

ಯಾರಾದರೂ ಮಾತು ಹೇಳಿಕೊಡುವರೇನೋ ಎಂಬಂತೆ ಮುದುಕ ಫಹೀಮನೂ ಎಡಕ್ಕೆ ತಿರುಗಿ ನೋಡಿದ. ಅಲ್ಲಿ ತೊಳೆದು ಬೋರಲು ಹಾಕಿದ ಲೋಟಗಳಿದ್ದವು.