ಐದನೆಯ ಕೋಣೆಯ ಬೈಗುಳ

ನಾನು ಒಂದು ಕನ್ನಡಕ. ಆದರೆ ನನ್ನನ್ನು ಹಾಕಿಕೊಂಡವರಿಗೆ ಎದುರಿಗಿರುವುದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ. ಡಬ್ಬಿಯ ಮೇಲೆ ವಿಆರ್ ಹೆಡ್‌ಸೆಟ್ ಎಂದು ಬರೆದಿತ್ತು. ಹುಬ್ಬಳ್ಳಿಯ ಮಂದಿ ಮೊದಲ ದಿನದಿಂದಲೂ ದೊಡ್ಡ ಚಷ್ಮಾ ಎಂದೇ ಕರೆದರು. ನನಗೂ ಅದೇ ಹೆಸರು ಒಗ್ಗಿತು.

ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಎರಡೂ ಬದಿ ಹೆಂಗಸರು ಕೂತಿದ್ದರು. ಒಬ್ಬಳು ಗಾಜು ಕೂರಿಸಿದಳು, ಒಬ್ಬಳು ಸ್ಪೀಕರ್ ಬೆಸೆದಳು, ಕೊನೆಯವಳು ಮುಖಕ್ಕೆ ತಾಗುವಲ್ಲಿ ಮೆತ್ತನೆಯ ಕಪ್ಪು ಸ್ಪಂಜು ಅಂಟಿಸಿ ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು. ಅವರಲ್ಲಿ ಯಾರೂ ನನ್ನನ್ನು ಹಾಕಿಕೊಂಡು ನೋಡಲಿಲ್ಲ. ಅದಕ್ಕೆ ಅವರಿಗೆ ಪುರಸೊತ್ತಿರಲಿಲ್ಲ.

ಡಬ್ಬಿ ತೆರೆದದ್ದು ಧಾರವಾಡದ ಒಂದು ಮಹಡಿ ಕೋಣೆಯಲ್ಲಿ. ತೆರೆದವಳು ಪ್ರಜ್ಞಾ ಎಂಬ ಹುಡುಗಿ. ಅವಳೂ ಅವಳ ಇಬ್ಬರು ಗೆಳತಿಯರೂ ಸೇರಿ ನನಗಾಗಿ ಒಂದು ಆಟ ಕಟ್ಟುತ್ತಿದ್ದರು. ‘ಅಜ್ಜಿ ಮನಿ ಕೀಲಿಕೈ’ ಎಂದು ಅದರ ಹೆಸರು. ಒಂದು ಹಳೆಯ ಮನೆ, ಐದು ಕೋಣೆ. ಮೊದಲನೆಯದರಲ್ಲಿ ಕುಕ್ಕರ್ ಸೀಟಿ ಹೊಡೆದು ಒಗಟು ಕೇಳುತ್ತದೆ. ಎರಡನೆಯದರಲ್ಲಿ ಬೇಕಾದ ಪುಸ್ತಕದ ಮೇಲೆಯೇ ಬೆಕ್ಕು ಕೂತಿರುತ್ತದೆ, ಎಬ್ಬಿಸಿದರೆ ಮುನಿಸಿಕೊಳ್ಳುತ್ತದೆ. ಹೀಗೆ ನಗುತ್ತ ತಡವರಿಸುತ್ತ ಐದನೆಯ ಕೋಣೆಗೆ ಬಂದರೆ ಅಲ್ಲಿ ಅಜ್ಜಿ ತೂಗುಮಣೆಯ ಮೇಲೆ ಕೂತಿರುತ್ತಾಳೆ. ಅವಳ ಕೀಲಿಕೈ ಕಳೆದಿದೆ, ಹುಡುಕಿಕೊಡಬೇಕು. ಎಲ್ಲಿ ಕೈಹಾಕಿದರೂ ಬೈಯುತ್ತಾಳೆ. ಕೀಲಿಕೈ ಇರುವುದು ಅವಳದೇ ಸೊಂಟದಲ್ಲಿ. ಬೈಯುವವಳ ಹತ್ತಿರ ಹೋಗಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಆ ಅಜ್ಜಿಗೆ ದನಿ ಕೊಡಲು ಬಂದವಳು ಸಾವಂತ್ರೆವ್ವ. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಹಾಸ್ಯ ಪಾತ್ರ ಮಾಡಿದವಳು. ಕೋಣೆಯ ಗೋಡೆಗೆಲ್ಲ ಕೌದಿ ತೂಗುಹಾಕಿ ಸದ್ದು ಒಳಬಾರದಂತೆ ಮಾಡಿದ್ದರು. ಅವಳು ಕೌದಿಯ ಹೊಲಿಗೆ ಮುಟ್ಟಿ ನೋಡಿ, “ನಾಟಕದಾಗ ಪರದೆ ಮುಂದ ನಿಲ್ತಿದ್ದೆ. ಇಲ್ಲೆ ಹಾಸಿಗಿ ಹೊದಿಕಿ ಮುಂದ ನಿಲ್ಲಸೀರಲ್ಲವಾ,” ಎಂದಳು. ಹುಡುಗಿಯರು ನಕ್ಕರು. ನಡುನಡುವೆ ಗಂಟಲು ಕೆರೆಯುತ್ತದೆ ಎಂದು ಬಿಸಿನೀರು ಕುಡಿಯುತ್ತಿದ್ದಳು.

“ಯಾರಿಗೆ ಬೈಬೇಕು?” ಎಂದು ಕೇಳಿದಳು. ಅಲ್ಲಿ ಎದುರಿಗೆ ಯಾರೂ ಇರಲಿಲ್ಲವಲ್ಲ.

“ನಿಮ್ಮ ಮನಿ ಮಕ್ಕಳು ಸಾಮಾನೆಲ್ಲಾ ಚೆಲ್ಯಾರ ಅಂತ ತಿಳ್ಕೋರಿ ಅಜ್ಜಿ. ಹೆಂಗ ಬೈತೀರಿ ಹಂಗ ಬೈರಿ,” ಎಂದಳು ಪ್ರಜ್ಞಾ.

ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಮೇಜಿನ ಮೇಲಿದ್ದ ನನ್ನ ಕಡೆಗೇ ಅವಳ ಮುಖವಿತ್ತು. ಆಮೇಲೆ ಶುರು ಮಾಡಿದಳು, ನಿಲ್ಲಿಸಲೇ ಇಲ್ಲ. “ಏ ಹುಡುಗೀ, ಅಲ್ಲೇನ್ ಹುಡುಕ್ತಿ? ಕಣ್ಣ ಅದಾವೋ ಹುಣಸಿ ಬೀಜ ಅದಾವೋ?” “ಆ ಡಬ್ಬಿ ಮುಚ್ಚ ಮೊದ್ಲ, ಇರುವಿ ಹತ್ತಿದ್ರ ನೀ ಬಂದ್ ಆರಸ್ತೀಯೇನ?” “ನಿನ್ನ ಕೈಯಾಗ ಕೀಲಿ ಕೊಟ್ರ ಕೀಲಿ ಅಷ್ಟ ಅಲ್ಲ, ಓಣೀನ ಕಳೀತಿ ಖೋಡಿ.” ಹನ್ನೆರಡು ಬೈಗುಳ ಆದವು. ಗೆಳತಿಯರು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಗು ತಡೆದರು. ಅವಳು ಮಾತ್ರ ನಗಲಿಲ್ಲ. ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಹೋದಳು.

ಆಟ ಸಿದ್ಧವಾದ ಮೇಲೆ ನನ್ನನ್ನು ಹುಬ್ಬಳ್ಳಿಯ ಒಂದು ಗೇಮ್ ಪಾರ್ಲರಿಗೆ ಕಳಿಸಿದರು. ಮಂದಿ ಆಡಿ ಏನನ್ನುತ್ತಾರೆ ಎಂದು ತಿಳಿಯಬೇಕಿತ್ತು. ಅಲ್ಲಿ ನನ್ನನ್ನು ನೋಡಿಕೊಂಡವಳು ನಸೀಮಾ. ಒಬ್ಬರು ಬಿಚ್ಚಿಕೊಟ್ಟ ಮೇಲೆ ಸ್ಪಂಜು ಒರೆಸಿ, ಗಾಜು ಒರೆಸಿ, ಇನ್ನೊಬ್ಬರಿಗೆ ತೊಡಿಸುವಳು. ಕೌಂಟರಿನ ಮೂಲೆಯಲ್ಲಿ ದಾರದಿಂದ ಪೆನ್ನು ಕಟ್ಟಿದ ಒಂದು ನೋಟುಬುಕ್ಕು ಇತ್ತು. ಆಡಿದವರೆಲ್ಲ ಅದರಲ್ಲಿ ಅಭಿಪ್ರಾಯ ಬರೆಯಬೇಕು. ಪ್ರತಿ ತಿಂಗಳೂ ನಸೀಮಾ ಪುಟಗಳ ಫೋಟೊ ತೆಗೆದು ಧಾರವಾಡಕ್ಕೆ ಕಳಿಸುವಳು. ಕಳಿಸುವ ಮುಂಚೆ ಒಂದೊಂದನ್ನೇ ಗಟ್ಟಿಯಾಗಿ ಓದುವ ಚಟ ಅವಳಿಗೆ. ಹಾಗಾಗಿ ನನಗೂ ತಿಳಿಯುತ್ತಿತ್ತು.

‘ಕುಕ್ಕರ್ ಸೂಪರ್. ನಕ್ಕು ನಕ್ಕು ಹೊಟ್ಟೆ ನೋವು ಬಂತು.’ ‘ತಲೆ ತಿರುಗಿತು. ಊಟ ಮಾಡಿ ಬರಬಾರದಿತ್ತು.’ ‘ನಾಲ್ಕನೇ ಕೋಣೆ ಬಹಳ ಸುಲಭ. ನಾನು ಏಳನೇ ತರಗತಿ.’ ‘ಅಜ್ಜಿ ವಿಪರೀತ ಬೈಯುತ್ತಾಳೆ. ಇದಕ್ಕೆ ಟಿಕೆಟ್ ತೆಗೆಸಬೇಕೆ? ಮನೆಯಲ್ಲಿ ಪುಕ್ಕಟೆ ಸಿಗುತ್ತದೆ.’ ‘ನಾನು ಗಂಡಸು. ಅಜ್ಜಿ ನನಗೆ ಹುಡುಗಿ ಎನ್ನುತ್ತಾಳೆ. ಸರಿಪಡಿಸಿ.’

ಅಜ್ಜಿಯ ಮೇಲಿನ ದೂರು ತಿಂಗಳಿಂದ ತಿಂಗಳಿಗೆ ಹೆಚ್ಚಿತು. ನಗುತ್ತ ನಗುತ್ತ ಬಂದವರು ಐದನೆಯ ಕೋಣೆಯಲ್ಲಿ ಗಪ್ಪಾಗುತ್ತಿದ್ದರು. ದವಡೆ ಬಿಗಿಯುವುದು ನನ್ನ ಪಟ್ಟಿಗೆ ಗೊತ್ತಾಗುತ್ತಿತ್ತು. ಆ ಬೈಗುಳದಲ್ಲಿ ತಮಾಷೆಯ ಕೆಳಗೆ ಇನ್ನೇನೋ ಇತ್ತು. ಅದು ಏನೆಂದು ಅವರಿಗೆ ತಿಳಿಯದು. ನನಗೆ ತಿಳಿದಿತ್ತೇ ಎಂದರೆ, ಪೂರ್ತಿ ತಿಳಿದಿರಲಿಲ್ಲ.

ಕಸ್ತೂರಿ ಮೊದಲು ಬಂದದ್ದು ತಾನು ಕೆಲಸ ಮಾಡುವ ಅಂಚೆ ಕಚೇರಿಯ ಗೆಳತಿಯ ಮಗಳ ಹುಟ್ಟುಹಬ್ಬಕ್ಕೆ. ನಲವತ್ತು ದಾಟಿದವಳು, ಮೆತ್ತನೆಯ ಮಾತು. ಎಲ್ಲರ ಒತ್ತಾಯಕ್ಕೆ ನನ್ನನ್ನು ಹಾಕಿಕೊಂಡಳು. ನಾಲ್ಕು ಕೋಣೆಯಲ್ಲೂ ಮಕ್ಕಳ ಹಾಗೆ ನಕ್ಕಳು. ಐದನೆಯದರಲ್ಲಿ ಅಜ್ಜಿ “ಏ ಹುಡುಗೀ” ಎಂದಳು. ಡಬ್ಬಿಗೆ ಚಾಚಿದ ಕಸ್ತೂರಿಯ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನ ಸ್ಪಂಜು ಒದ್ದೆಯಾಯಿತು. ಹೊರಗಿನವರಿಗೆ ಕಂಡದ್ದು ಕೈ ಚಾಚಿ ನಿಂತ ಒಬ್ಬ ಹೆಂಗಸು ಮಾತ್ರ. ನನ್ನೊಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ. ನೋಟುಬುಕ್ಕಿನಲ್ಲಿ ಅವಳು ಬರೆದದ್ದು ‘ಚೆನ್ನಾಗಿದೆ’ ಅಂತ ಒಂದೇ ಮಾತು.

ಅಂದಿನಿಂದ ಪ್ರತಿ ರವಿವಾರ ಬಂದಳು. ಮೊದಲ ನಾಲ್ಕು ಕೋಣೆಗಳನ್ನು ಸ್ವಂತ ಮನೆಯ ಅಡುಗೆಮನೆಗೆ ಹೋಗುವವಳ ಹಾಗೆ ದಾಟುವಳು. ಐದನೆಯದರಲ್ಲಿ ಅಜ್ಜಿಯಿಂದ ದೂರ ನಿಂತು ಬೇಕೆಂದೇ ತಪ್ಪು ಡಬ್ಬಿ ತೆರೆಯುವಳು, ಹುಣಸೆಹಣ್ಣಿನ ಭರಣಿಯಲ್ಲಿ ಕೈಹಾಕುವಳು. ಹನ್ನೆರಡೂ ಬೈಗುಳ ಸಾಲಾಗಿ ಬೀಳುವವರೆಗೆ ಬೈಸಿಕೊಳ್ಳುವಳು. ಕೀಲಿಕೈ ಎಲ್ಲಿದೆ ಎಂದು ಅವಳಿಗೆ ಎರಡನೆಯ ವಾರವೇ ಗೊತ್ತಾಗಿತ್ತು. ಆದರೆ ಹತ್ತಿರ ಹೋಗಲಿಲ್ಲ. ಕೀಲಿಕೈ ಮುಟ್ಟಿದರೆ ಆಟ ಮುಗಿಯುತ್ತದೆ, ಅಜ್ಜಿ ಸುಮ್ಮನಾಗುತ್ತಾಳೆ.

“ಅಕ್ಕಾರ, ನೀವು ಬಂದ ದಿನ ಈ ಸ್ಪಂಜು ಒಣಗೂದ ಇಲ್ಲ ನೋಡ್ರಿ,” ಎಂದಳು ಒಂದು ದಿನ ನಸೀಮಾ, ನನ್ನನ್ನು ಫ್ಯಾನಿನ ಕೆಳಗೆ ಇಡುತ್ತ.

ಗಿರಾಕಿಗಳಿರಲಿಲ್ಲ. ಕಸ್ತೂರಿ ಬೆಂಚಿನ ಮೇಲೆ ಕೂತಳು. “ಅದು ನಮ್ಮವ್ವನ ದನಿ ನಸೀಮಾ,” ಎಂದಳು.

ಆವತ್ತು ಕೇಳಿದ್ದು ಇಷ್ಟು. ಸಾವಂತ್ರೆವ್ವ ಮಗಳನ್ನು ಮೂರು ವರ್ಷದ ಕೂಸಿದ್ದಾಗಲೇ ಗದಗಿನಲ್ಲಿದ್ದ ಅಕ್ಕನ ಮನೆಯಲ್ಲಿ ಬಿಟ್ಟು ಕಂಪನಿಯ ಜೊತೆ ಊರೂರು ತಿರುಗಿದಳು. ವರ್ಷಕ್ಕೆ ಎರಡು ಸಲ ಕರದಂಟಿನ ಪೊಟ್ಟಣ ಹಿಡಿದು ಬರುವಳು, ಬೀಗರ ಹಾಗೆ ಕುರ್ಚಿಯ ಅಂಚಿಗೆ ಕೂರುವಳು. “ನಾ ಏನ್ ಮಾಡಿದ್ರೂ ಬೈತಿರಲಿಲ್ಲ. ಒಮ್ಮೆ ಆಕಿ ಮುಂದನ ಹಾಲಿನ ಪಾತೇಲಿ ಬೇಕಂತ ಉರುಳಿಸಿದೆ. ದೊಡ್ಡವ್ವ ನಾಕ ಬಿಗದ್ಲು. ಅವ್ವ ತೆಳಗ ನೋಡಕೋತ ಕೂತ್ಲು. ಮಂದಿ ಮಕ್ಕಳಿಗೆ ಅವರವ್ವ ಬೈಯೂದು ಕೇಳಿದ್ರ ನನಗ ಹೊಟ್ಟಿಕಿಚ್ಚ ಬರ್ತಿತ್ತು. ಬೈಲಿಕ್ಕೂ ಹಕ್ಕ ಬೇಕಲ್ಲ. ಅದು ತನಗಿಲ್ಲ ಅಂತ ತಿಳ್ಕೊಂಡಿದ್ಲೋ ಏನೋ.”

“ಈಗ ಎಲ್ಲಿರ್ತಾರ್ರಿ?”

“ನನ್ನ ಕೂಡನ ಅದಾಳ. ಗಂಟಲದಾಗ ಗಡ್ಡಿ ಆಗಿ ಹೋದ ವರ್ಷ ಆಪರೇಶನ್ ಆತು. ದನಿಪೆಟ್ಟಿಗಿನ ತಗದ್ರು. ಸ್ಲೇಟಿನ ಮ್ಯಾಲೆ ಬರೀತಾಳ. ಚಾ ಬೇಕಂದ್ರ ಚಮಚಾ ಬಡೀತಾಳ. ಇಂಥಾದೊಂದು ಆಟಕ್ಕ ದನಿ ಕೊಟ್ಟೀನಿ ಅಂತ ಒಂದು ಮಾತ ನನಗ ಹೇಳಿಲ್ಲ.”

ನಸೀಮಾ ಬಹಳ ಹೊತ್ತು ಒರೆಸಿದ ಗಾಜನ್ನೇ ಒರೆಸಿದಳು. ಆಮೇಲೆ ಹೇಳಲಾರದೆ ಹೇಳಿದಳು. ದೂರು ಬಹಳ ಬಂದಿವೆ, ಅಜ್ಜಿಯ ದನಿ ತೆಗೆದು ಬೇರೆ ದನಿ ಹಾಕಬೇಕೆಂದು ಧಾರವಾಡದವರು ಯೋಚಿಸುತ್ತಿದ್ದಾರೆ.

ಮುಂದಿನ ರವಿವಾರ ಕಸ್ತೂರಿ ತಾಯಿಯನ್ನು ಕರೆದುಕೊಂಡು ಬಂದಳು. ಸಾವಂತ್ರೆವ್ವ ಸೊರಗಿ ಅರ್ಧ ಆಗಿದ್ದಳು. ಕೊರಳಿಗೆ ತೆಳ್ಳನೆಯ ಬಿಳಿ ಬಟ್ಟೆ, ಬಗಲಲ್ಲಿ ಸ್ಲೇಟು. “ಕೂತ ಆಡ್ರಿ ಅಜ್ಜಿ,” ಎಂದು ನಸೀಮಾ ಸ್ಟೂಲು ತಂದಳು. ಸಾವಂತ್ರೆವ್ವ ಸ್ಲೇಟಿನಲ್ಲಿ ಬರೆದಳು: ‘ಪಾತ್ರ ಕೂತ ಮಾಡೂದಲ್ಲ.’

ನನ್ನನ್ನು ತೊಡಿಸಿದರು. ಆ ಹಣೆಯ ಚರ್ಮ ಕಾಗದದಷ್ಟು ತೆಳುವಾಗಿತ್ತು. ಅವಳಿಗೆ ಆಡಲು ಬರುವುದಿಲ್ಲವೆಂದು ನಸೀಮಾ ಕಂಪ್ಯೂಟರಿನಿಂದ ನೇರ ಐದನೆಯ ಕೋಣೆ ತೆರೆದಳು. ತೂಗುಮಣೆಯ ಅಜ್ಜಿ ಬೈಯತೊಡಗಿದಳು. ಸಾವಂತ್ರೆವ್ವನ ತುಟಿಗಳೂ ಅಲ್ಲಾಡಿದವು. ಪ್ರತಿ ಮಾತಿಗೂ, ಒಂದಕ್ಷರ ತಪ್ಪದ ಹಾಗೆ, ನನ್ನ ಕೆಳಗೆ ಅವಳ ಬಾಯಿ ಆಡಿತು. ಬಿಳಿ ಬಟ್ಟೆಯ ಕೆಳಗೆ, ಉಸಿರಾಡಲೆಂದು ಕೊರಳಲ್ಲಿ ಮಾಡಿದ್ದ ತೂತಿನಿಂದ ಬಂದದ್ದು ಗಾಳಿ ಮಾತ್ರ. ಒಂದು ಕಡೆ ಅವಳ ಕಿವಿಗೆ ಅವಳದೇ ಹಳೆಯ ದನಿಯನ್ನು ನಾನು ಕೇಳಿಸುತ್ತಿದ್ದೆ, ಇನ್ನೊಂದು ಕಡೆ ಆ ಗಾಳಿಯ ಸದ್ದು ನನಗೆ ಕೇಳುತ್ತಿತ್ತು. ನಾನು ಎಷ್ಟೋ ಮುಖಗಳನ್ನು ಹೊತ್ತಿದ್ದೇನೆ. ಅಷ್ಟು ಭಾರದ್ದು ಬೇರೊಂದಿಲ್ಲ.

ಬಿಚ್ಚಿದ ಮೇಲೆ ನೋಟುಬುಕ್ಕು ತೋರಿಸಿ, ಕೊಡಿ ಎಂದು ಸನ್ನೆ ಮಾಡಿದಳು. ಮಂದಿ ಬರೆದದ್ದನ್ನೆಲ್ಲ ಬೆರಳಿಟ್ಟು ಓದಿದಳು. ಕಸ್ತೂರಿ ಪುಟ ಮುಚ್ಚಲು ಹೋದರೆ ಕೈಗೆ ಮೆಲ್ಲಗೆ ಒಂದೇಟು ಹಾಕಿದಳು. ಆಮೇಲೆ ಹೊಸ ಪುಟದಲ್ಲಿ ತಾನೂ ಬರೆದಳು, ಮಗಳಿಗೆ ಕಾಣದಂತೆ ಸೆರಗು ಅಡ್ಡ ಹಿಡಿದು. “ಪರೀಕ್ಷಾ ಬರೆಯೂರಂಗ ಮುಚ್ಚಕೋತಾಳ ನೋಡ,” ಎಂದು ಕಸ್ತೂರಿ ನಕ್ಕಳು, ಸಾವಂತ್ರೆವ್ವನ ಭುಜಗಳೂ ನಗುವಿಗೆ ಕುಣಿದವು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮಹಾನವಮಿಗೆ ಒಂದು ವಾರವಿದ್ದಾಗ ಸಾವಂತ್ರೆವ್ವ ತೀರಿಕೊಂಡಳು. ಕಸ್ತೂರಿ ಏಳು ರವಿವಾರ ಬರಲಿಲ್ಲ. ಆ ನಡುವೆ ಧಾರವಾಡದಿಂದ ಪ್ರಜ್ಞಾ ಫೋನು ಮಾಡಿದಳು. ಸೋಮವಾರ ಪಾರ್ಲರಿನ ಎಲ್ಲ ಚಷ್ಮಾಗಳಿಗೂ ನೆಟ್ ಮೂಲಕ ಹೊಸ ದನಿ ಬರುತ್ತದೆ. ತನಗೆ ಮನಸ್ಸಿರಲಿಲ್ಲ, ಆದರೆ ಸಾವಂತ್ರೆವ್ವನೇ ಹಾಗೆ ಬರೆದ ಮೇಲೆ ಇನ್ನೇನು ಮಾಡಲಿ ಎಂದಳು. ನಸೀಮಾ ಕಸ್ತೂರಿಗೆ ಹೇಳಿಕಳಿಸಿದಳು.

ಕಸ್ತೂರಿ ಬಂದು ಮೊದಲು ಕೇಳಿದ್ದು ನೋಟುಬುಕ್ಕು. “ಅವ್ವ ಏನ್ ಬರದಿದ್ಲು?”

“ನಿಮಗ ಗೊತ್ತೈತಿ ಅಂದ್ಕೊಂಡಿದ್ನಲ್ರಿ ಅಕ್ಕಾರ,” ಎಂದು ನಸೀಮಾ ಆ ಪುಟ ತೆರೆದಳು. ದೊಡ್ಡ ದೊಡ್ಡ ಅಕ್ಷರ.

‘ಮಂದಿ ಹೇಳೂದು ಖರೆ ಐತಿ. ಬೈಗಳ ಜಾಸ್ತಿ ಆಗೇತಿ. ಬೈದ ಮ್ಯಾಲೆ ಒಂದು ಉಸುರಿನಷ್ಟು ಹೊತ್ತು ಬಿಡಬೇಕು, ಆಗ ಮಂದಿ ನಗತಾರ. ಮೂವತ್ತು ವರ್ಷ ಹಂಗ ಬಿಟ್ಟೀನಿ. ದನಿ ಕೊಟ್ಟ ದಿನ ಬಿಟ್ಟಿಲ್ಲ. ಅವತ್ತು ಕಣ್ಣ ಮುಂದ ಮಂದಿ ಇರಲಿಲ್ಲ, ನನ್ನ ಕಸ್ತೂರಿ ಇದ್ಲು. ಒಂದು ದಿನಾನೂ ಆಕಿಗೆ ಬೈದಾಕಿ ಅಲ್ಲ ನಾ. ಎಲ್ಲಾ ಒಮ್ಮೆಲೆ ಬಂತು. ಪಾತ್ರ ಕೆಟ್ಟತು. ಬ್ಯಾರೇದವರ ಕಡಿಂದ ಮಾಡಸರಿ.’

ಕಸ್ತೂರಿ ಆ ಪುಟದ ಮೇಲೆ ಅಂಗೈ ಇಟ್ಟು ಕೂತಳು. ಅದು ಮುಚ್ಚಿಹೋಗಬಾರದು ಎನ್ನುವ ಹಾಗೆ.

ನಸೀಮಾ ತಡೆಯಲಾರದೆ ಹೇಳಿದಳು: “ಇದೊಂದು ಚಷ್ಮಾಕ್ಕ ನಾ ನೆಟ್ ಹಚ್ಚೂದ ಇಲ್ರಿ. ಹಳೇದ ಇರ್ಲಿ. ಯಾರಿಗೂ ತಿಳಿಯೂದಿಲ್ಲ.”

“ಬ್ಯಾಡ ನಸೀಮಾ. ಮಂದಿ ನಗದಿದ್ರ ನಮ್ಮವ್ವಗ ಆ ದಿನ ಉಣ್ಣಾಕ ಸೇರ್ತಿರಲಿಲ್ಲ.”

ಎದ್ದು ನನ್ನನ್ನು ತಾನೇ ಹಾಕಿಕೊಂಡಳು. ಐದನೆಯ ಕೋಣೆಗೆ ಬಂದಳು. ಯಾವ ಡಬ್ಬಿಯನ್ನೂ ತೆರೆಯಲಿಲ್ಲ. ಇಷ್ಟು ದಿನ ದಾಟದೆ ಉಳಿಸಿಕೊಂಡಿದ್ದ ಆ ದೂರವನ್ನು ಅವಳು ಮೂರೇ ಹೆಜ್ಜೆಯಲ್ಲಿ ದಾಟಿ, ತೂಗುಮಣೆಯ ಮುಂದೆ ಮೊಳಕಾಲೂರಿ, ಅಜ್ಜಿಯ ಸೊಂಟಕ್ಕೆ ಕೈ ಚಾಚಿದಳು. ಕೈಗೆ ಗಾಳಿ ಸಿಕ್ಕಿತು. ಆದರೂ ಕೀಲಿಕೈ ಝಣ್ ಎಂದಿತು.

ಅಷ್ಟು ದಿನದಲ್ಲಿ ಅವಳು ಒಮ್ಮೆಯೂ ಕೇಳದಿದ್ದ ಮಾತನ್ನು ಅಜ್ಜಿ ಆಡಿದಳು. “ಅಯ್ಯ ಹುಡುಗೀ, ಇಲ್ಲೇ ಇತ್ತಲ್ಲ. ಇಷ್ಟ್ಯಾಕ ತಡಾ ಮಾಡಿದಿ? ಹತ್ತರ ಬಂದಿದ್ರ ಆಗಲೇ ಸಿಗತಿತ್ತು.” ಸ್ವಲ್ಪ ತಡೆದು, “ಹೋಗು ಇನ್ನ. ಬಾಗಲಾ ಮುಂದ ಮಾಡ್ಕೊಂಡ ಹೋಗು.”

ಕಸ್ತೂರಿ ಆ ಮನೆಯ ಬಾಗಿಲನ್ನು ಎಳೆದು ಮುಂದೆ ಮಾಡಿದಳು. ನನ್ನನ್ನು ಬಿಚ್ಚಿ ನಸೀಮಾಳ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ಮೆಟ್ಟಿಲಿಳಿದು ಹೋದಳು. ಮತ್ತೆ ಬರಲಿಲ್ಲ.

ಸೋಮವಾರ ನನ್ನೊಳಗಿಂದ ಸಾವಂತ್ರೆವ್ವ ಹೋದಳು. ಹೋಗುವಾಗ ಏನೂ ನೋಯಲಿಲ್ಲ, ಅದೇ ನನಗೆ ನೋವು. ಹೊಸ ಅಜ್ಜಿ ನಯವಾಗಿ ‘ಇನ್ನೊಮ್ಮೆ ನೋಡು ಮಗೂ’ ಎನ್ನುತ್ತಿದ್ದಳು. ಮಂದಿ ನಕ್ಕರು. ದೂರು ನಿಂತವು. ಒಬ್ಬರು ಮಾತ್ರ, ಹೆಸರಿಲ್ಲದೆ, ಬರೆದರು: ‘ಹಿಂದಿನ ಅಜ್ಜಿ ಎಲ್ಲಿ ಹೋದಳು?’

ಆಮೇಲೆ ಎರಡು ವರ್ಷ ದುಡಿದೆ. ಪಟ್ಟಿ ಜೋತಾಡಿತು, ಬ್ಯಾಟರಿ ಉಬ್ಬಿತು, ಸ್ಪಂಜು ಪುಡಿಯಾಗಿ ಉದುರಿತು. ಪಾರ್ಲರ್ ಮುಚ್ಚಿದಾಗ ಉಳಿದವು ಗುಜರಿಗೆ ಹೋದವು. ನನ್ನನ್ನು ನಸೀಮಾ ಮನೆಗೆ ತಂದು, ಬ್ಯಾಟರಿ ತೆಗೆಸಿ, ಕಪಾಟಿನ ಮೇಲಿಟ್ಟಳು. ಪಕ್ಕದಲ್ಲಿ ಆ ನೋಟುಬುಕ್ಕು. ಈಗ ನನ್ನಲ್ಲಿ ಯಾವ ಚಿತ್ರವೂ ಇಲ್ಲ. ಜನರಿಗೆ ಇಲ್ಲದ್ದನ್ನು ತೋರಿಸುವುದೇ ನನ್ನ ಬದುಕು ಎಂದುಕೊಂಡಿದ್ದೆ. ಕಸ್ತೂರಿಗೆ ನಾನು ತೋರಿಸಿದ್ದು, ಇದ್ದೂ ಅವಳಿಗೆ ಸಿಗದೇ ಹೋದದ್ದನ್ನು.

ಮೊನ್ನೆ ನಸೀಮಾ ಧೂಳು ಕೊಡವುತ್ತ ತನ್ನ ಅಕ್ಕನಿಗೆ ಹೇಳುತ್ತಿದ್ದಳು. ಅಂಚೆ ಕಚೇರಿಗೆ ಹೋಗಿದ್ದಳಂತೆ. ಕೌಂಟರಿನಲ್ಲಿ ಕಸ್ತೂರಿ. ಸಾಲಿನಲ್ಲಿ ಮುಂದಿದ್ದ ಮುದುಕ ಪಾಸ್‌ಬುಕ್ಕು ಕಳೆಯಿತೆಂದು ಚೀಲವನ್ನೆಲ್ಲ ಬುಡಮೇಲು ಮಾಡುತ್ತಿದ್ದನಂತೆ. ಯಾವತ್ತೂ ಮೆತ್ತಗೆ ಮಾತಾಡುವ ಕಸ್ತೂರಿ ಗಾಜಿನ ಹಿಂದಿನಿಂದ ದನಿ ಏರಿಸಿ, “ಬಗಲಾಗ ಇಟಗೊಂಡು ಎಲ್ಲೆ ಹುಡುಕ್ತೀರಿ ಕಾಕಾ? ಕಣ್ಣ ಅದಾವೋ ಹುಣಸಿ ಬೀಜ ಅದಾವೋ?” ಎಂದಳಂತೆ.

ಎಂದು, ಒಂದು ಉಸಿರಿನಷ್ಟು ಹೊತ್ತು ಬಿಟ್ಟಳಂತೆ. ಮುದುಕನೂ ಸೇರಿ ಸಾಲಿಗೆ ಸಾಲೇ ನಕ್ಕಿತಂತೆ.