ಶನಿವಾರದ ಐದು ಜನ

ಹನ್ನೊಂದು ವರ್ಷದಿಂದ ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಆವುಲಪ್ಪ ಮೇಷ್ಟ್ರಿಗೆ ಸೋಲು ಹೊಸದೇನಲ್ಲ. ಅವರ ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಅಭ್ಯಾಸ ಮಾಡಿದ ಐದೂ ಜನ ಪಂದ್ಯದ ದಿನ ಒಟ್ಟಿಗೆ ಅಂಗಳಕ್ಕೆ ಇಳಿದದ್ದು ಒಂದೇ ಒಂದು ಸಲವೂ ಇಲ್ಲ. ಹುಡುಗರೆಲ್ಲ ರೇಷ್ಮೆ ಸಾಕುವ ಮನೆಯವರು. ಹುಳ ನಾಲ್ಕನೇ ಜ್ವರ ಎದ್ದಿತೆಂದರೆ, ಅಂದರೆ ಕೊನೆಯ ಸಲ ಪೊರೆ ಕಳಚಿತೆಂದರೆ, ಬಕಾಸುರನ ಹಾಗೆ ತಿನ್ನುತ್ತದೆ. ಸೊಪ್ಪು ಹಾಕುವುದಕ್ಕೆ ಮನೆಯ ಎಲ್ಲ ಕೈಗಳೂ ಬೇಕು. ಪಂದ್ಯಾವಳಿಯೋ, ಹುಳಗಳನ್ನೇ ಕೇಳಿ ಗೊತ್ತುಮಾಡಿದ ಹಾಗೆ ಸರಿಯಾಗಿ ಅದೇ ವಾರಕ್ಕೆ ಬೀಳುತ್ತಿತ್ತು. ಒಂದು ವರ್ಷ ಮೂವರೇ ಬಂದರು. ಇನ್ನೊಂದು ವರ್ಷ ಬಸ್ಸಿನಲ್ಲಿ ಸಿಕ್ಕ ಸಂಸ್ಕೃತದ ವಿದ್ಯಾರ್ಥಿಯೊಬ್ಬನಿಗೆ ಆಟದ ಬನಿಯನ್ ತೊಡಿಸಿ ನಿಲ್ಲಿಸಿದರು. ಅವನು ಚೆಂಡು ಬಂದಾಗಲೆಲ್ಲ ಮರ್ಯಾದೆಯಿಂದ ಸರಿದು ದಾರಿ ಬಿಡುತ್ತಿದ್ದ.

"ಮೇಷ್ಟ್ರೇ, ಹುಳಕ್ಕೇ ಕಲಿಸಿಬಿಡಿ. ಅವಾದ್ರೆ ಎಲ್ಲೂ ಹೋಗಲ್ಲ," ಅನ್ನುತ್ತಿದ್ದರು ಮೈದಾನದ ಪಕ್ಕದಲ್ಲಿ ಗೂಡಿನಿಂದ ನೂಲು ತೆಗೆಸುತ್ತಿದ್ದ ಉಸ್ಮಾನ್ ಸಾಬ್.

ಅರವತ್ತನಾಲ್ಕನೇ ಇಸವಿಯಲ್ಲಿ ಅದೃಷ್ಟ ಸ್ವಲ್ಪ ಇತ್ತ ಕಡೆ ತಿರುಗಿತು. ನಾಲ್ವರ ಮನೆಯ ಹುಳ ಪಂದ್ಯಾವಳಿಯ ಹೊತ್ತಿಗೆ ಗೂಡು ಕಟ್ಟಿಯಾಗಿತ್ತು. ಉಳಿದವನು ದಿಬ್ಬೂರಹಳ್ಳಿಯ ಚನ್ನಕೇಶವ; ಅವನ ಮನೆಯ ಹುಳ ಇನ್ನೂ ತಿನ್ನುತ್ತಿತ್ತು. ಬೋರ್ಡಿನ ಕೆಳಗೆ ಅವನು ನಿಂತರೆ ಚೆಂಡು ಇನ್ನೊಬ್ಬರಿಗೆ ದಕ್ಕುತ್ತಿರಲಿಲ್ಲ. ಶನಿವಾರ ಚಿಕ್ಕಬಳ್ಳಾಪುರದಲ್ಲಿ ಪಂದ್ಯ. ಗುರುವಾರ ಮೇಷ್ಟ್ರು ಅವನ ಮನೆ ಬಾಗಿಲಿಗೇ ಹೋಗಿ ನಿಂತರು.

"ನನ್ನ ಮಗ ಚೆಂಡು ಎಸ್ಯಕ್ಕೆ ಹೋದ್ರೆ ಸೊಪ್ಪು ಯಾರಪ್ಪ ಹಾಕ್ತಾರೆ, ನೀವಾ?" ಅಂದರು ಅವನ ತಾಯಿ ಅಶ್ವತ್ಥಮ್ಮ.

"ನಾನೇ ಹಾಕ್ತೀನಿ ಕಣಮ್ಮ. ನಾಳೆ ಇಡೀ ದಿನ ಒಳಗೆ ನಾನಿರ್ತೀನಿ. ಕೇಶವ ಶನಿವಾರದ ಸೊಪ್ಪೂ ಕೊಯ್ದು ಒದ್ದೆ ಗೋಣಿ ಮುಚ್ಚಿಡ್ಲಿ, ಅವತ್ತು ನೀವು ಹಾಕಿದ್ರಾಯ್ತು."

ಅಶ್ವತ್ಥಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಬೀಡಿ ಗೀಡಿ ಸೇದ್ತೀರಾ? ಸೇದೋರ್ನ ಹುಳದ ಮನೆಗೆ ಬಿಡಲ್ಲ ನಾವು."

"ಬೀಡಿ ಕೈಯಲ್ಲೂ ಮುಟ್ಟಿಲ್ಲಮ್ಮ."

ಅದು ನಿಜವೇ. ಮೇಷ್ಟ್ರು ಗೌರಿಬಿದನೂರು ಕಡೆಯ ಕಡಲೆಕಾಯಿ ಬೆಳೆಯುವವರ ಮನೆಯಿಂದ ಬಂದವರು. ಯಾರ ಮನೆಯ ಹುಳ ಎಷ್ಟನೇ ಜ್ವರದಲ್ಲಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ಆದರೆ ಹುಳದ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಬೀಡಿ ಬೇಡವೆಂದರೆ ಹುಳಕ್ಕೆ ಹೊಗೆ ಆಗದು ಎಂದಷ್ಟೇ ಅವರು ತಿಳಿದರು.

ಶುಕ್ರವಾರ ಬೆಳಗ್ಗೆ ಕೈಕಾಲು ತೊಳೆದು ಒಳಗೆ ಹೋದರು. ಹುಳ ಸಾಕುವ ಬಿದಿರಿನ ತಟ್ಟೆಯ ಮೇಲೆ ತಟ್ಟೆ, ಸೊಪ್ಪಿನ ಮೇಲೆ ಸೊಪ್ಪು. ಯಾರು ಯಾರಿಗೆ ಪಾಸು ಕೊಡಬೇಕೆಂದು ಮನಸ್ಸಿನಲ್ಲೇ ಆಡಿಸುತ್ತಾ ಕೆಲಸ ಮಾಡಿದರು. ಮಧ್ಯಾಹ್ನ ತೂಕಡಿಕೆ ಬಂತು. ಕೈ ತಾನಾಗಿ ಜೇಬಿಗೆ ಹೋಯಿತು, ಡಬ್ಬಿ ತೆರೆಯಿತು. ಚಿಟಿಕೆ ನಶ್ಯ ಏರಿಸಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು, ಮತ್ತೆ ಸೊಪ್ಪಿಗೆ ಕೈ ಹಾಕಿದರು. ಸಂಜೆಯೊಳಗೆ ಹಾಗೆ ಮೂರು ನಾಲ್ಕು ಸಲ.

ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಹುಡುಗರನ್ನು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ದಿಬ್ಬೂರಹಳ್ಳಿ ಬಸ್ಸಿನಿಂದ ಚನ್ನಕೇಶವನೂ ಇಳಿದ. ಐದು. ಮೇಷ್ಟ್ರ ಮುಖ ಅರಳಿತು, ಅವನ ಮುಖ ಅರಳಲಿಲ್ಲ.

"ಹುಳ ಹೋದ್ವು ಸಾರ್. ಬೆಳಗ್ಗೆ ನೋಡಿದ್ರೆ ಎಲ್ಲಾ ತಲೆ ಎತ್ಕೊಂಡು ಹಸಿರು ಕಕ್ತಾ ಇದ್ವು. ಗುಂಡಿಗೆ ಹಾಕಿ ಬಂದೆ. ಮನೇಲಿದ್ದು ಏನ್ಮಾಡ್ತೀಯ, ಹೋಗಿ ಆಡು ಅಂದ್ರು ಅಮ್ಮ."

"ಯಾಕಪ್ಪ ಹಂಗಾಯ್ತು?"

"ಹೊಗೆಸೊಪ್ಪು ತಾಕಿದೆ ಸಾರ್. ಒಂದು ಚಿಟಿಕೆ ಪುಡಿ ತಾಕಿದ್ರೂ ಸಾಕು. ಬೇಲಿ ಆಚೆ ವೆಂಕಟರವಣಪ್ಪ ಹೊಗೆಸೊಪ್ಪು ಹಾಕಿದಾನೆ. ಅಮ್ಮ ಅವನ ಬಾಗ್ಲಲ್ಲಿ ನಿಂತು ಬೈತಾ ಇದಾರೆ."

ಮೇಷ್ಟ್ರ ಕೈ ಜೇಬಿನಲ್ಲಿತ್ತು. ಬೆರಳು ಡಬ್ಬಿಗೆ ತಗುಲಿ ಅಲ್ಲೇ ನಿಂತಿತು.

ಚಿಕ್ಕಬಳ್ಳಾಪುರದ ಬಸ್ಸು ಹಾರ್ನ್ ಹಾಕುತ್ತಿತ್ತು. ಹನ್ನೊಂದು ವರ್ಷಕ್ಕೆ ಮೊದಲ ಸಲ ಐದು ಜನ. ಈಗ ಹೇಳಿದರೆ ಹುಡುಗ ಆಡುವುದಿಲ್ಲ. ಹೇಳದೆ ಹತ್ತಿದರೆ ಸಂಜೆಯವರೆಗೂ ಅಲ್ಲೊಬ್ಬ ಬೈಸಿಕೊಳ್ಳುತ್ತಲೇ ಇರುತ್ತಾನೆ. ಮೇಷ್ಟ್ರು ಆಟಗಾರರ ಪಟ್ಟಿಯನ್ನು, ಆಟ ನೋಡಲು ಹೊರಟಿದ್ದ ಉಸ್ಮಾನ್ ಸಾಬರ ಕೈಗಿಟ್ಟರು.

"ಸಾಬ್, ಇದನ್ನ ಅಲ್ಲಿ ಕೊಟ್ಬಿಡಿ. ನಂಗೊಂದು ಕೆಲ್ಸ ಇದೆ."

"ಹನ್ನೊಂದು ವರ್ಷ ಬಡ್ಕೊಂಡ್ರಲ್ಲ ಮೇಷ್ಟ್ರೇ, ಇವತ್ತೇ ಬಂತಾ ಕೆಲ್ಸ?"

ಮೇಷ್ಟ್ರು ಆಗಲೇ ದಿಬ್ಬೂರಹಳ್ಳಿಯ ಬಸ್ಸು ಹತ್ತಿದ್ದರು.

ವೆಂಕಟರವಣಪ್ಪನ ಜಗಲಿಯ ಮುಂದೆಯೇ ಎಲ್ಲವನ್ನೂ ಹೇಳಿದರು. ಅಶ್ವತ್ಥಮ್ಮ ಅವರ ಕಡೆ ತಿರುಗಿದರು.

"ಬೀಡಿ ಮುಟ್ಟಲ್ಲ ಅಂದ್ರಲ್ಲಪ್ಪ."

"ಬೀಡಿ ಮುಟ್ಟಲ್ಲಮ್ಮ. ನಶ್ಯಾನೂ ಹೊಗೆಸೊಪ್ಪೇ ಅಂತ ಹೊಳೀಲಿಲ್ಲ."

"ಬೆಳಗ್ಗಿಂದ ಈ ಮನುಷ್ಯನ ಏಳು ತಲೆಮಾರು ಬೈದಿದೀನಿ ನಾನು."

"ಎಂಟು ಕಣಕ್ಕ," ಅಂದ ವೆಂಕಟರವಣಪ್ಪ. "ಎಣಿಸ್ತಾ ಇದ್ದೆ."

ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡರು. "ತಟ್ಟೆ ಎಲ್ಲಾ ತೊಳೀಬೇಕು. ಮೊದ್ಲು ಆ ಡಬ್ಬಿ ಇಲ್ಲೇ ಬಿಟ್ಟು, ಕೈಗೆ ಸೋಪು ಹಾಕ್ಕೊಂಡು ಬನ್ನಿ."

ಸಂಜೆ ಚನ್ನಕೇಶವ ಬಾವಿಯ ಹತ್ತಿರಕ್ಕೆ ಓಡಿ ಬಂದಾಗ ಮೇಷ್ಟ್ರು ಕೊನೆಯ ತಟ್ಟೆ ಉಜ್ಜುತ್ತಿದ್ದರು.

"ಸಾರ್, ಮೂವತ್ತೊಂದು ಇಪ್ಪತ್ತೆಂಟು, ಗೆದ್ವಿ. ಐದು ಜನಾನೂ ಕೊನೇವರ್ಗೂ ಆಡಿದ್ವಿ. ನೀವ್ಯಾಕ್ಸಾರ್ ಇಲ್ಲಿ?"

ಮೇಷ್ಟ್ರು ಒದ್ದೆ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತರು. "ಕೊನೇ ಪಾಸು ಯಾರು ಕೊಟ್ರೋ? ಮೊದಲಿಂದ ಹೇಳು. ಒಂದೂ ಬಿಡ್ಬೇಡ."

"ಅವನು ಆಮೇಲೆ ಹೇಳ್ತಾನೆ," ಅಂದರು ಅಶ್ವತ್ಥಮ್ಮ. "ಮೊದ್ಲು ನೀವು ಹೇಳಿ ಮೇಷ್ಟ್ರೇ."