ಜೆರುಸಲೆಮ್‌ನೊಳಗಿನ ಸಾಲ್

ಕಾರ್ಮಿನ್‌ಳನ್ನು ನೋಡಲು ಮಟಿಲ್ಡಾ ಬಾಯಿ ಮಗ ನೊರ್ಬರ್ಟ್‌ನೊಂದಿಗೆ ಬಂದದ್ದು ಐವತ್ತೇಳನೇ ಇಸವಿಯಲ್ಲಿ, ಈಸ್ಟರ್ ಕಳೆದ ಮೇಲೆ. ಕಾರ್ಮಿನ್ ನನ್ನ ದೊಡ್ಡಪ್ಪ ಜೊಕಿಮರ ಒಬ್ಬಳೇ ಮಗಳು. ದೊಡ್ಡಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದರು. ಮಣ್ಣಗುಡ್ಡದ ಅವರ ಮನೆಯಲ್ಲಿದ್ದುಕೊಂಡೇ ನಾನು ಕಾಲೇಜು ಮುಗಿಸಿದೆ. ಕಾರ್ಮಿನ್‌ಗೆ ಆ ಭಾಗ್ಯ ಇರಲಿಲ್ಲ. ತಾಯಿ ಹಾಸಿಗೆ ಹಿಡಿದಾಗ ಕನ್ನಡ ಶಾಲೆ ಬಿಟ್ಟವಳು, ತಾಯಿ ಹೋದ ಮೇಲೆ ಹೊಲಿಗೆ ಮೆಷಿನಿನ ಮುಂದೆ ಕುಳಿತಳು. ನನ್ನ ಬ್ಲೌಸುಗಳನ್ನೆಲ್ಲ ಅವಳೇ ಹೊಲಿದದ್ದು. ಕುತ್ತಿಗೆಗೆ ಚುಚ್ಚದ ಹಾಗೆ ಒಳಗಡೆ ಮೆತ್ತನೆಯ ಪಟ್ಟಿಯೊಂದನ್ನು ಇಡುತ್ತಿದ್ದಳು, ಯಾರೂ ಕೇಳದಿದ್ದರೂ.

ಹಿಂದೆ ಬಂದ ಸಂಬಂಧಗಳಿಗೆಲ್ಲ ಅವಳು ತಲೆ ತಗ್ಗಿಸಿ ಸುಮ್ಮನಿದ್ದಳು. ನೊರ್ಬರ್ಟ್‌ನ ಹೆಸರು ಬಂದಾಗ ಮಾತ್ರ, "ಆಗಬಹುದು ಪಪ್ಪಾ," ಎಂದಳು. ಒಂದು ಮದುವೆಯಲ್ಲಿ ಅವನು ಕಣ್ಣು ಕಾಣದ ಮುದುಕಿಯೊಬ್ಬಳಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದುದನ್ನು ಅವಳು ನೋಡಿದ್ದಳು. ಅಷ್ಟೇ ಸಾಕಾಗಿತ್ತು ಅವಳಿಗೆ.

ಸಂಬಂಧ ತಂದ ರಾಫೆಲ್ ಮೊದಲೇ ಎಚ್ಚರಿಸಿದ್ದ. "ಹುಡುಗನಿಗೆ ಬೊಂಬಾಯಿಯಲ್ಲಿ ಕಂಪೆನಿ ಕೆಲಸ. ತಾಯಿಗೆ ಇಂಗ್ಲಿಷ್ ಮರ್ಲ್, ಒಂದು ನಮೂನೆ ಹುಚ್ಚು. ಹೋದ ಮನೆಯಲ್ಲೆಲ್ಲ ಶಬ್ದ ಮಾಡುವ ಆಟ ಆಡಿಸ್ತಾರೆ."

"ಶಬ್ದ ಮಾಡುವುದಾ? ಅದು ನನ್ನ ಮೆಷಿನ್ ಚೆನ್ನಾಗಿ ಮಾಡ್ತದೆ," ಎಂದು ಕಾರ್ಮಿನ್ ನಕ್ಕಳು. ಆದರೆ ಮರುದಿನದಿಂದಲೇ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ದೊಡ್ಡದೊಂದು ಇಂಗ್ಲಿಷ್ ಪದ ಕೊಡುತ್ತಿದ್ದೆ. ಅದರ ಅಕ್ಷರಗಳನ್ನು ಕೂಡಿಸಿ ಅವಳು ಸಣ್ಣ ಪದ ಹುಡುಕಬೇಕು. ಪದದ ಕೊನೆಯ ಅಕ್ಷರಗಳನ್ನು ಹಾಗೇ ಬಿಟ್ಟು ಮೊದಲಿನದ್ದನ್ನು ಬದಲಿಸುತ್ತ ಹೋಗಬೇಕು ಎಂದು ಹೇಳಿಕೊಟ್ಟೆ. ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ ಸೀಮೆಸುಣ್ಣದಿಂದ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅವಳ ಬೆರಳು ಚುರುಕು. ಅಕ್ಷರಗಳೂ ಬೇಗ ಮಾತು ಕೇಳಿದವು.

ಆ ದಿನ ಚಹಾ ಆದ ಮೇಲೆ ಮಟಿಲ್ಡಾ ಬಾಯಿ ಚೀಲದಿಂದ ಕಾಗದ, ಪೆನ್ಸಿಲ್ ತೆಗೆದರು.

"ಹಬ್ಬ ಈಗಷ್ಟೇ ಮುಗಿಯಿತಲ್ಲ, ಜೆರುಸಲೆಮ್ ತೆಗೆದುಕೊಳ್ಳೋಣ. ಬರೆದ ಮೇಲೆ ಓದಬೇಕು, ಅರ್ಥವನ್ನೂ ಹೇಳಬೇಕು. ನೀವೂ ಸೇರಿ ಜೊಕಿಮಾಬ್."

"ಅಯ್ಯೋ, ನನಗೆ ಹಂಚು ಬಿಟ್ಟು ಬೇರೆ ಇಂಗ್ಲಿಷ್ ಗೊತ್ತಿಲ್ಲ ಬಾಯಿ," ಎಂದು ದೊಡ್ಡಪ್ಪ ತಿಂಡಿಯ ತಟ್ಟೆಯನ್ನು ಅವರ ಮುಂದೆ ಸರಿಸಿದರು.

ನಾವು ಬರೆದೆವು. ಕಾರ್ಮಿನ್‌ಳ ಪೆನ್ಸಿಲಿನ ಮೊನೆ ಮುರಿಯಿತು. ನೊರ್ಬರ್ಟ್ ತನ್ನದನ್ನು ಅವಳಿಗೆ ಕೊಟ್ಟು, ಮುರಿದದ್ದನ್ನು ಬ್ಲೇಡಿನಿಂದ ಕೆತ್ತಿಕೊಂಡ. ಆಮೇಲೆ ಅವಳ ಕಾಗದದತ್ತ ಒಮ್ಮೆ ಕಣ್ಣು ಹಾಯಿಸಿ, ತನ್ನ ಪದಗಳನ್ನು ಒಂದೊಂದಾಗಿ ಹೊಡೆದುಹಾಕತೊಡಗಿದ. 'ಮೆಷರ್' ಎಂಬ ಉದ್ದದ ಪದವನ್ನೂ ಹೊಡೆದ. ಅವಳು ಮುಂದಿರಲಿ ಎಂದು. ಪಕ್ಕದಲ್ಲಿದ್ದ ನನಗೆ ಕಂಡಿತು.

ಕಾರ್ಮಿನ್ ಎದ್ದು ನಿಂತು ಓದಿದಳು. ಜಾಮ್, ಜಾರ್, ರೂಲ್, ಸೇಲ್, ಮೀಲ್. 'ಸೀಮ್' ಬಂದಾಗ ಸೆರಗಿನ ಅಂಚು ಎತ್ತಿ ಹೊಲಿಗೆಯನ್ನೇ ತೋರಿಸಿದಳು. ಮಟಿಲ್ಡಾ ಬಾಯಿಯೂ ಮೆಚ್ಚಿ ತಲೆದೂಗಿದರು. ಕಡೆಯದ್ದು ಎಸ್, ಎ, ಎಲ್.

"ಸಾಲ್," ಎಂದಳು.

"ಅರ್ಥ?"

"ಇದೇ. ನಾವೀಗ ಕೂತದ್ದಲ್ವಾ," ಎಂದು ಕಾರ್ಮಿನ್ ಕೈ ಬೀಸಿ ಸುತ್ತಲಿನ ಕೋಣೆಯನ್ನು ತೋರಿಸಿದಳು.

ನಮ್ಮ ಕೊಂಕಣಿಯಲ್ಲಿ ಮನೆಯ ಮುಂಭಾಗದ ದೊಡ್ಡ ಕೋಣೆಗೆ ಸಾಲ್ ಎನ್ನುತ್ತೇವೆ. ಕಿಟಕಿಗೆ ಜನೆಲ್, ಚಮಚಕ್ಕೆ ಕುಲೇರ್. ಗೋವೆಯಿಂದ ಬರುವಾಗ ಹಿರಿಯರು ತಂದ ಪೋರ್ಚುಗೀಸ್ ಪದಗಳು ಇವು. ಪರಂಗಿಯವರ ಪದ ಎಂದಷ್ಟೇ ಗೊತ್ತಿದ್ದ ಮನೆಗಳಲ್ಲಿ ಅವನ್ನು ಇಂಗ್ಲಿಷ್ ಎಂದೇ ನಂಬಿದವರು ಎಷ್ಟೋ ಜನ.

ಮಟಿಲ್ಡಾ ಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೇಳಿದೆಯಾ ನೊರ್ಬರ್ಟ್? ನಿನ್ನ ಕಂಪೆನಿ ದೊರೆ ಮನೆಗೆ ಬಂದರೆ ಹೇಳ್ತಾಳೆ, ಪ್ಲೀಸ್ ಸಿಟ್ ಇನ್ ದ ಸಾಲ್!"

ದೊಡ್ಡಪ್ಪ ಜೋರಾಗಿ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ.

ನಾನು ತಡೆಯಲಾರದೆ ಹೇಳಿದೆ. "ಬಾಯಿ, ಸಾಲ್ ಅಂತ ಇಂಗ್ಲಿಷಿನಲ್ಲಿ ಪದ ಉಂಟು. ಅದೊಂದು ಮರದ ಹೆಸರು. ಡಿಕ್ಷನರಿ ತರ್ತೇನೆ, ನೋಡಿ."

"ಇರಬಹುದು ರೊಸಾಲಿನ್. ಆದರೆ ಅವಳು ಮರ ಅಂತ ಹೇಳಲಿಲ್ಲವಲ್ಲ."

ಅದು ನಿಜವೇ. ನಾನು ನೊರ್ಬರ್ಟ್‌ನತ್ತ ನೋಡಿದೆ. 'ನಮ್ಮ ಮನೆಯಲ್ಲೂ ಹಾಗೇ ಹೇಳ್ತೇವಲ್ಲ ಮಮ್ಮಿ' ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾರ್ಮಿನ್ ಕೂಡ ಅವನನ್ನೇ ನೋಡುತ್ತಿದ್ದಳು. ಅವನು ಪೆನ್ಸಿಲನ್ನು ಇನ್ನೂ ಕೆತ್ತುತ್ತಿದ್ದ, ಅದಾಗಲೇ ಸೂಜಿಯಷ್ಟು ಚೂಪಾಗಿತ್ತು. ಕಾಗದದ ಮೇಲೆ ತನ್ನ ಪದಗಳನ್ನು ಹೊಡೆದುಹಾಕುವಷ್ಟು ಒಳ್ಳೆಯತನ ಅವನಲ್ಲಿತ್ತು. ಅಲ್ಲಿಂದಾಚೆಗೆ ಇರಲಿಲ್ಲ.

ಕಾರ್ಮಿನ್ ಕಪ್ಪುಗಳನ್ನು ಒಟ್ಟುಮಾಡಿ ಒಳಗೆ ಹೋದಳು.

ಅವರನ್ನು ಕಳಿಸಲು ನಾವು ಗೇಟಿನವರೆಗೆ ಹೋದೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಟಿಲ್ಡಾ ಬಾಯಿ ತಲೆಯ ಮೇಲೆ ಕೈ ಅಡ್ಡ ಹಿಡಿದು ಥಟ್ಟನೆ ನಿಂತರು.

"ಅರೆ ದೇವರೇ! ನನ್ನ ಕೊಡೆ ಸಾಲ್‌ನಲ್ಲೇ ಬಾಕಿ ಆಯ್ತಲ್ಲ!"

ಯಾರೂ ನಗಲಿಲ್ಲ. ಅವರಿಗೆ ತಾವು ಹೇಳಿದ್ದು ತಿಳಿಯಲೂ ಇಲ್ಲ. ನೊರ್ಬರ್ಟ್‌ಗೆ ತಿಳಿಯಿತು; ಅವನ ಕಿವಿ ಕೆಂಪಾಯಿತು. ಕಾರ್ಮಿನ್ ಬಿರಬಿರನೆ ಹೋಗಿ ಕೊಡೆ ತಂದಳು. ಬಿಡಿಸಿಯೇ ಕೈಗೆ ಕೊಟ್ಟಳು, ಬಿಡಿಸಿಕೊಳ್ಳುವಷ್ಟು ಹೊತ್ತೂ ಅವರ ತಲೆಗೆ ಬಿಸಿಲು ತಾಗದಿರಲಿ ಎಂದು.

"ಥ್ಯಾಂಕ್ ಯೂ ಬಾಯೆ," ಎಂದರು ಮಟಿಲ್ಡಾ ಬಾಯಿ.

ವಾರ ಕಳೆದ ಮೇಲೆ ರಾಫೆಲ್ ಉತ್ತರ ತಂದ. "ಹುಡುಗಿ ಚಿನ್ನದಂಥವಳಂತೆ. ಆದರೆ ಬೊಂಬಾಯಿಗೆ ಆಗುವುದಿಲ್ಲಂತೆ."

"ಹುಡುಗ ಎಂತ ಹೇಳಿದ?" ಎಂದು ಕೇಳಿದರು ದೊಡ್ಡಪ್ಪ.

"ಅವನು ಎಂತ ಹೇಳುವುದು ಜೊಕಿಮಾಬ್. ಅವನು ಒಳ್ಳೆಯವನು."

ಒಳಗೆ ಓಡುತ್ತಿದ್ದ ಹೊಲಿಗೆ ಮೆಷಿನ್ ಒಮ್ಮೆ ನಿಂತಿತು. ಮತ್ತೆ ಓಡಿತು.

ಆಮೇಲೆ ಕಾರ್ಮಿನ್ ಸಾಲ್ ಎಂಬ ಮಾತನ್ನು ಬಾಯಿಗೆ ತರಲಿಲ್ಲ. 'ಅಲ್ಲಿ', 'ಹೊರಗಡೆ' ಎಂದು ಏನೋ ಒಂದು ಹೇಳುತ್ತಿದ್ದಳು. ಅವಳೊಬ್ಬಳೇ ಹಾಗೆ ತಡವರಿಸಬಾರದೆಂದು ದೊಡ್ಡಪ್ಪನೂ ಬಿಟ್ಟರು. ಜೀವಮಾನವಿಡೀ ಆಡಿದ ಮಾತು ಆಗಾಗ ನಾಲಗೆಯ ತುದಿಗೆ ಬರುತ್ತಿತ್ತು. "ಪೇಪರ್ ಸಾ..." ಎಂದು ನಿಲ್ಲಿಸಿ, ಮಗಳ ಮುಖ ನೋಡಿ, ತಾವೇ ಎದ್ದು ಹೋಗಿ ತರುತ್ತಿದ್ದರು.